ಆಜಾದ್ ವೀಸಾ

ನಮ್ಮ ಅರಕೇರಾದ ಕಡೆಗೆ ‘ಗುಳೆ’ ಎಂಬ ಮಾತನ್ನರಿಯದ ಮನೆಯಿಲ್ಲ. ಸುಗ್ಗಿ ಮುಗಿದು ಹೊಲಗಳು ಬರಿದಾದೊಡನೆ ಮನೆಗೆ ಬೀಗವಿಕ್ಕಿ, ಮುದುಕರನ್ನು ಊರಲ್ಲಿಯೇ ಬಿಟ್ಟು, ಮಕ್ಕಳುಮರಿಗಳೊಡನೆ ಬೆಂಗಳೂರು, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಹೊರಡುವುದು ದೇವದುರ್ಗದ ಸೀಮೆಯಲ್ಲಿ ಹೊಸತಲ್ಲ. ನಾರಾಯಣಪುರದ ಬಲದಂಡೆ ಕಾಲುವೆ ಬಂದ ಮೇಲೆ ನೀರು ಕಂಡ ಹೊಲದವರು ಕೆಲವರು ನಿಂತರು. ಉಳಿದವರು ಈಗಲೂ ಹೋಗುತ್ತಾರೆ. ಆದರೆ ಗುಳೆ ಹೋದವನಿಗೆ ಒಂದು ಸ್ವಾತಂತ್ರ್ಯವುಂಟು. ಮೇಸ್ತ್ರಿಯೊಡನೆ ಹೊಂದದಿದ್ದರೆ ಅವನು ರಾತ್ರಿಯ ಬಸ್ಸನ್ನೇರಿ ಬೆಳಗಾಗುವುದರೊಳಗೆ ಊರನ್ನು ಸೇರಬಹುದು. ಸಮುದ್ರದಾಚೆಯ ಗುಳೆಗೆ ಹೋದವನು ಮರಳಿ ಬರುವುದಕ್ಕೂ ಕಾಗದ ಬೇಕು.

ಕಳೆದ ದೀಪಾವಳಿಯ ಮರುವಾರ ನಮ್ಮ ಅಕ್ಕನು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಹುಡುಗನು ಹತ್ತನೆಯ ಇಯತ್ತೆಯಲ್ಲಿ ನಪಾಸಾಗಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ವಿದ್ಯುತ್ತಿನ ತಂತಿ ಎಳೆಯುವ ಕೆಲಸವನ್ನು ಕಲಿತವನು. ಕೆಲಸಗಾರನೆಂಬುದರಲ್ಲಿ ಸಂಶಯವಿಲ್ಲ. ಅವನ ಕೈಯಲ್ಲಿ ಸೌದಿ ಅರಬಸ್ತಾನದ ವೀಸಾದ ಒಂದು ಪ್ರತಿಯಿತ್ತು. ಪರಿಚಯದ ದಲಾಲನೊಬ್ಬನು ಅದಕ್ಕೆ 1,40,000 ರೂಪಾಯಿ ಕೇಳಿದ್ದನು. ಅಕ್ಕನು ಎರಡು ಎಕರೆ ಹೊಲವನ್ನು ಅಡವಿಡುವವಳಿದ್ದಳು. ಪತ್ರಕ್ಕೆ ನನ್ನ ಸಾಕ್ಷಿ ಬೇಕಾಗಿತ್ತು.

“ಮಾವ, ಇದು ಆಜಾದ್ ವೀಸಾ. ಅಲ್ಲಿ ಹೋದ ಮ್ಯಾಲೆ ಎಲ್ಲಿ ಬೇಕಾದಲ್ಲಿ ದುಡೀಬಹುದಂತ,” ಎಂದು ಅವನು ಹಿಗ್ಗಿನಿಂದ ಹೇಳಿದನು.

ಆ ಮಾತನ್ನು ಕೇಳಿ ನನಗೆ ಮೈ ಬೆವರಿತು. 2004ರಲ್ಲಿ ಇದೇ ಹೆಸರಿನ ಕಾಗದವನ್ನು ಹಿಡಿದುಕೊಂಡು ನಾನು ಜಿದ್ದಾಕ್ಕೆ ಹೋಗಿದ್ದೆನು. ‘ಆಜಾದ್’ ಎಂಬ ವೀಸಾ ಯಾವ ದೇಶದ ಕಾಯಿದೆಯಲ್ಲಿಯೂ ಇಲ್ಲ. ಇರುವುದಿಷ್ಟೆ: ಯಾರೋ ಒಬ್ಬ ಅರಬನು ತನ್ನ ಹೆಸರಿನಲ್ಲಿ ನಮ್ಮನ್ನು ಕರೆಯಿಸಿಕೊಳ್ಳುತ್ತಾನೆ, ಅವನೇ ಕಫೀಲ, ಅಂದರೆ ಜಾಮೀನುದಾರ. ಅವನಲ್ಲಿ ಕೆಲಸವಿರುವುದಿಲ್ಲ. ನಾವು ಬೇರೆಯವರ ಕಡೆಗೆ ದುಡಿದು ತಿಂಗಳು ತಿಂಗಳು ಅವನಿಗೆ ಕಪ್ಪ ಒಪ್ಪಿಸಬೇಕು. ನಾನು ಕೊಡುತ್ತಿದ್ದುದು 300 ರಿಯಾಲು. ಹೀಗೆ ಬೇರೆಯವರಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ಕಫೀಲನು ಕೈ ತೊಳೆದುಕೊಳ್ಳುವನು. ನನ್ನ ಪಾಸ್‌ಪೋರ್ಟು ಅವನ ಪೆಟ್ಟಿಗೆಯಲ್ಲಿತ್ತು. ದೇಶ ಬಿಟ್ಟು ಹೊರಡಲು ಆ ಕಾಲದಲ್ಲಿ ಅವನ ಒಪ್ಪಿಗೆಯೂ ಬೇಕಾಗಿತ್ತು. 2009ರಲ್ಲಿ ನಮ್ಮ ತಂದೆಯವರು ತೀರಿಕೊಂಡ ಸುದ್ದಿ ಬಂದಾಗ ಹನ್ನೊಂದು ದಿನ ಅವನು ಫೋನನ್ನೇ ಎತ್ತಲಿಲ್ಲ. ಮಣ್ಣು ಕೊಟ್ಟವರು ಅಕ್ಕನ ಗಂಡ ಮತ್ತು ಓಣಿಯವರು.

2013ರಲ್ಲಿ ಸೌದಿ ಸರಕಾರವು ಇಂಥ ಅಕ್ರಮ ಕೆಲಸಗಾರರಿಗೆ ಕಾಗದ ಸರಿಪಡಿಸಿಕೊಳ್ಳಲು, ಇಲ್ಲವೆ ದಂಡವಿಲ್ಲದೆ ಹೊರಟುಹೋಗಲು ಗಡುವು ಕೊಟ್ಟಿತು. ಮೊದಲು ಜುಲೈವರೆಗೆ, ಆಮೇಲೆ ನವೆಂಬರ 3ರವರೆಗೆ. ಜಿದ್ದಾದಲ್ಲಿರುವ ಭಾರತದ ಕಾನ್ಸುಲೇಟಿನ ಮುಂದೆ ಆ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತವರಲ್ಲಿ ನಾನೂ ಒಬ್ಬನು. ಪಾಸ್‌ಪೋರ್ಟಿನ ಬದಲು ಒಂದು ತುರ್ತು ಪ್ರಮಾಣಪತ್ರವನ್ನು ಪಡೆದು ಊರಿಗೆ ಬಂದೆನು.

ಒಂಬತ್ತು ವರ್ಷಗಳ ಫಲವಾಗಿ ಅರಬ್ಬಿ ಅಕ್ಷರಗಳು ಅಷ್ಟಿಷ್ಟು ಬರುತ್ತವೆ. ಹುಡುಗನ ವೀಸಾದಲ್ಲಿ ‘ವೃತ್ತಿ’ ಎಂಬಲ್ಲಿ ‘ಸಾಯಿಕ್ ಖಾಸ್’ ಎಂದಿತ್ತು. ಮನೆಯ ಖಾಸಗಿ ಚಾಲಕನೆಂದು ಅರ್ಥ. ನಮ್ಮ ಹುಡುಗನು ಎತ್ತಿನ ಬಂಡಿಯ ಹೊರತು ಬೇರೆ ಬಂಡಿಯನ್ನು ನಡೆಸಿದವನಲ್ಲ!

ಈ ಒಂದು ಮಾತಿನಲ್ಲಿಯೇ ಎಲ್ಲವೂ ಅಡಗಿದೆ. 2021ರ ಮಾರ್ಚಿಯಲ್ಲಿ ಸೌದಿ ಸರಕಾರವು ಕಾಯಿದೆಯನ್ನು ಸಡಿಲಿಸಿತು. ಒಂದು ವರ್ಷ ದುಡಿದವನು ಧಣಿಯ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಬಹುದೆಂದೂ ಊರಿಗೆ ಹೋಗಿಬರಬಹುದೆಂದೂ ಗೊತ್ತುಮಾಡಿತು. ಆದರೆ ಮನೆಗೆಲಸದವರು, ಖಾಸಗಿ ಚಾಲಕರು, ಕುರಿ ಕಾಯುವವರು, ತೋಟದ ಆಳುಗಳು ಇವರನ್ನು ಆ ಸುಧಾರಣೆಯು ಹೊರಗಿಟ್ಟಿತು. ಇಲೆಕ್ಟ್ರಿಶಿಯನ್ ಎಂದು ಬರೆದ ಕಾಗದದಲ್ಲಿ ಹೋದವನಿಗೆ ತೆರೆದ ಬಾಗಿಲು ‘ಸಾಯಿಕ್ ಖಾಸ್’ ಎಂದು ಹೋದವನಿಗೆ ತೆರೆಯಲಿಲ್ಲ.

ಹಾಗಾದರೆ ನೆಟ್ಟಗಿನ ದಾರಿ ಇಲ್ಲವೆ? ಉಂಟು. ಹತ್ತನೆಯ ಇಯತ್ತೆ ಪಾಸಾಗದವನ ಪಾಸ್‌ಪೋರ್ಟಿನಲ್ಲಿ ‘ವಲಸೆ ತಪಾಸಣೆ ಬೇಕು’ ಎಂಬ ಗುರುತಿರುತ್ತದೆ. 1983ರ ವಲಸೆ ಕಾಯಿದೆಯಂತೆ ಅಂಥವನು ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗುವ ಮುನ್ನ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಕರೆದೊಯ್ಯುವ ಏಜಂಟನಿಗೆ ಸರಕಾರದ ಪರವಾನಗಿ ಇರಬೇಕು. ಇದೆಯೋ ಇಲ್ಲವೋ ಎಂಬುದನ್ನು ಇ-ಮೈಗ್ರೇಟ್ ಎಂಬ ಸರಕಾರಿ ತಾಣದಲ್ಲಿ ಯಾರಾದರೂ ನೋಡಬಹುದು. ಅವನು ಪಡೆಯತಕ್ಕ ಸಂಭಾವನೆಯ ಮಿತಿ 30,000 ರೂಪಾಯಿ ಮತ್ತು ಅದರ ಮೇಲಣ ತೆರಿಗೆ. ಅದಕ್ಕೂ ರಸೀದಿ ಕೊಡಬೇಕು. ಕೆಲಸ, ಸಂಬಳಗಳನ್ನು ಬರೆದ ಕರಾರುಪತ್ರ ಬೇಕು. 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆಯೂ ಇದರೊಡನೆ ಬರುತ್ತದೆ. ದಲಾಲರು ಈ ತಪಾಸಣೆಯನ್ನು ಪೀಡೆಯೆಂದು ಹೇಳಿ ಸಂದರ್ಶಕರ ವೀಸಾದಲ್ಲಿ ಕಳಿಸಿಬಿಡುತ್ತಾರೆ. ಅಂಥವನಿಗೆ ಅಲ್ಲಿ ದುಡಿಯುವ ಹಕ್ಕೇ ಇಲ್ಲ.

ಇಷ್ಟನ್ನೂ ಹೇಳಿ ನಾನು ಸಾಕ್ಷಿ ಹಾಕಲಾರೆನೆಂದೆನು. ಅಕ್ಕನು ಬಹಳ ಹೊತ್ತು ಸುಮ್ಮನಿದ್ದು, ನಮ್ಮ ಮನೆಯ ಸಿಮೆಂಟಿನ ಮಾಳಿಗೆಯನ್ನೊಮ್ಮೆ ನೋಡಿದಳು.

“ತಮ್ಮಾ, ನೀ ಹೋಗಿ ಬಂದು ಮನಿ ಕಟ್ಟಿಸಿದಿ. ನನ್ನ ಮಗ ಹೋಗಬಾರದೇನು?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಮಾಳಿಗೆ ರಿಯಾಲಿನದೇ. ಊರಿನಲ್ಲಿದ್ದು ಅದನ್ನು ನಾನು ಈ ಜನ್ಮದಲ್ಲಿ ಕಟ್ಟಿಸುತ್ತಿರಲಿಲ್ಲ. ಹೋಗಬೇಡವೆಂದು ನಾನು ಹೇಳಿರಲಿಲ್ಲ. ಆದರೆ ಅವಳಿಗೆ ಕೇಳಿಸಿದ್ದು ಅದೇ. ಚಹವನ್ನೂ ಕುಡಿಯದೆ ಎದ್ದು ಹೋದಳು.

ಹುಡುಗನು ಈಗ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಹೊರಗಿನಿಂದ ಕೂಡುವುದಕ್ಕಾಗಿ ಅರ್ಜಿ ಹಾಕಿದ್ದಾನೆ. ಸಂಜೆ ನಮ್ಮಲ್ಲಿಗೆ ಬಂದು ಗಣಿತ ಹೇಳಿಸಿಕೊಳ್ಳುತ್ತಾನೆ. ಹೊಲ ಇನ್ನೂ ಅಡವಾಗಿಲ್ಲ. ನಿನ್ನೆ ಲೆಕ್ಕ ಬಿಡಿಸುತ್ತಿರುವಾಗ ಅವನ ಫೋನು ಸದ್ದು ಮಾಡಿತು. ಹೆಸರನ್ನು ನೋಡಿದನು, ನನ್ನನ್ನು ನೋಡಿದನು; ಎದ್ದು ಅಂಗಳಕ್ಕೆ ಹೋಗಿ, ಬೇವಿನ ಗಿಡದ ಕೆಳಗೆ ನಿಂತು, ಸಣ್ಣ ದನಿಯಲ್ಲಿ ಬಹಳ ಹೊತ್ತು ಮಾತಾಡಿದನು.