ಹೊಳೆಯ ದಂಡೆಯ ಪಾಠಶಾಲೆ

ಶಾಲೆ ಎಂಬ ಶಬ್ದಕ್ಕೆ ಮೊದಲಿನ ಅರ್ಥವು ಕಟ್ಟಡವೆಂದೇ. ಗೋಶಾಲೆ, ಪಾಕಶಾಲೆ, ಯಜ್ಞಶಾಲೆಗಳಂತೆ ಪಾಠಶಾಲೆಯೂ ಒಂದು. ಮನೆಮನೆಯ ಪಡಸಾಲೆಯಲ್ಲಿಯೂ ಅದೇ ಶಬ್ದವು ಅಡಗಿರುವದು. ಹೀಗಿದ್ದೂ ವಿದ್ಯಾಭ್ಯಾಸದ ಮಾತು ಬಂದಾಗ ಪಠ್ಯಕ್ರಮ, ಪರೀಕ್ಷೆಗಳನ್ನು ಕುರಿತು ಹೇರಳವಾಗಿ ಚರ್ಚೆ ನಡೆಯುವದೇ ಹೊರತು, ಕಟ್ಟಡವು ಯಾವ ನೆಲದ ಮೇಲೆ ನಿಲ್ಲಬೇಕು, ಅದರ ಮುಖವು ಯಾವ ಕಡೆಗಿರಬೇಕು ಎಂಬ ವಿಚಾರವು ಕ್ವಚಿತ್ತಾಗಿ ಹುಟ್ಟುವದು. ಹೊಳೆಯ ದಂಡೆಯಲ್ಲಿ ಕಟ್ಟುವಾಗಲಂತೂ ಈ ಅಲಕ್ಷ್ಯವು ಅಪಾಯಕ್ಕೆ ಕಾರಣವಾಗುವದು.

ಬಾದಾಮಿಯ ನೆರೆಯ ಬನಶಂಕರಿಯ ಸೀಮೆಯನ್ನು ಈ ವಿಚಾರಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಒಂದು ಕಡೆಗೆ ಕೆಂಪು ಮರಳುಗಲ್ಲಿನ ಗುಡ್ಡಗಳು. ಇನ್ನೊಂದು ಕಡೆಗೆ ಕನಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ್ದು ಈ ಹೊಳೆಯ ದಂಡೆಯ ಮೇಲೆಯೇ. ಸ್ಥಳವು ವಿದ್ಯೆಯೊಡನೆ ಹೇಗೆ ಬೆರೆಯಬಲ್ಲದೆಂಬುದು ಅಲ್ಲಿ ಕಾಣುವದು. ವಟುಗಳ ಅಧ್ಯಯನದ ಮಗ್ಗಲಿಗೆ ಗೋಶಾಲೆ. ಆಕಳ ಸಗಣಿಯಿಂದ ಸಿದ್ಧವಾಗುವ ವಿಭೂತಿ. ಎದುರಿಗೆ ಹರಿಯುವ ನೀರು. ಪಾಠ, ದುಡಿಮೆ, ಪೂಜೆಗಳನ್ನು ಒಂದಕ್ಕೊಂದು ಹೆಣೆದದ್ದು ಆ ನೆಲವೇ.

ಬನಶಂಕರಿಯ ಹರಿದ್ರಾತೀರ್ಥವೂ ಒಂದು ಪಾಠವನ್ನು ಹೇಳುವದು. ಚೌಕಾಕಾರದ ಆ ಹೊಂಡದ ಮೂರು ಮಗ್ಗಲಿಗೆ ಕಲ್ಲುಕಂಬಗಳ ಮಂಟಪಸಾಲು ಇರುವದು. ಬಿಸಿಲು ಸುಡುವ ಈ ನಾಡಿನಲ್ಲಿ ಮೇಲೆ ನೆರಳು, ಮುಂದೆ ನೀರು, ನಡುವೆ ಗೋಡೆಯಿಲ್ಲದ ಗಾಳಿ ಒಟ್ಟಿಗೆ ದೊರೆಯಬೇಕಾದರೆ ಇದಕ್ಕಿಂತ ಸುಲಭವಾದ ಏರ್ಪಾಡು ಬೇರೊಂದಿಲ್ಲ. ಇಂಥ ಸಾಲಿನಲ್ಲಿ ಮಕ್ಕಳನ್ನು ಕೂಡ್ರಿಸಿದರೆ ಅದೇ ಪಾಠಶಾಲೆ. ಇನ್ನು ಸಾಮಗ್ರಿಯ ಮಾತು. ಗುಡ್ಡದಲ್ಲಿ ಕಲ್ಲಿರುವದು, ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಬಾಗಿಲು ಚೌಕಟ್ಟುಗಳೇ ಮಾರಾಟಕ್ಕೆ ಬರುವವು.

ಆದರೆ ನೀರಿನ ಚೆಲುವಿಗೆ ಮನಸೋತು ದಂಡೆಯ ಅಂಚಿಗೇ ಬುನಾದಿ ತೆಗೆಯುವದು ತರವಲ್ಲ. ನವಿಲುತೀರ್ಥದ ಆಣೆಕಟ್ಟು 1972ರಲ್ಲಿ ಮುಗಿದ ಮೇಲೆ ಕೆಳಗಿನ ಮಲಪ್ರಭೆಯು ಬೇಸಗೆಯಲ್ಲಿ ತೀರ ಬಡವಾಗುವದು. ನೋಡಿದವರಿಗೆ ಅದು ನಿರುಪದ್ರವಿ ಹಳ್ಳದಂತೆ ತೋರುವದು. ಅದೇ ಹೊಳೆಯು 2009ರಲ್ಲಿಯೂ 2019ರ ಆಗಸ್ಟದಲ್ಲಿಯೂ ಉಕ್ಕಿ ಊರುಗಳನ್ನು ಹೊಕ್ಕಿತು. 2019ರಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲಿಯೂ ನೀರು ನಿಂತಿತು. ಎಂಟನೆಯ ಶತಮಾನದ ವಿರೂಪಾಕ್ಷ ದೇವಾಲಯವು ಎತ್ತರವಾದ ಅಧಿಷ್ಠಾನದ ಮೇಲೆ ಸ್ಥಿರವಾಗಿ ನಿಂತಿತು. ಅದನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆತುದನ್ನು ಅಲ್ಲಿಯ ಶಾಸನವು ಹೇಳುವದು. ಮಣ್ಣಿನ ಗೋಡೆಗೆ ಅಂಥ ಕಸುವೆಲ್ಲಿಯದು? ನೆರೆ ಬಂದಾಗ ಊರವರು ಕೂಸು ಕುನ್ನಿಗಳೊಡನೆ ಆಶ್ರಯವನ್ನರಸಿ ಓಡುವದು ಬಹುಮಟ್ಟಿಗೆ ಶಾಲೆಗೇ. ಆ ಶಾಲೆಯೇ ಮುಳುಗಿದರೆ ಊರಿಗೆ ದಿಕ್ಕಾವದು?

ಆದುದರಿಂದ ಕೋಣೆಗಳು ದಿಬ್ಬದ ಮೇಲಿರಲಿ. ನೀರಿಗೂ ಕೋಣೆಗಳಿಗೂ ನಡುವಿನ ತಗ್ಗುನೆಲವು ಆಟದ ಬಯಲೂ ತೋಟವೂ ಆಗಲಿ. ನೆರೆಯು ಅದನ್ನು ಮುಚ್ಚಿದರೂ ಹಾನಿಯು ಅಲ್ಪವೇ. ಎಷ್ಟು ಎತ್ತರವೆಂಬುದನ್ನು ನಕ್ಷೆಯೊಂದನ್ನೇ ನೋಡಿ ನಿಶ್ಚಯಿಸದೆ, ನೀರು ಎಲ್ಲಿಯ ವರೆಗೆ ಬಂದಿತ್ತೆಂದು ಊರ ಹಿರಿಯರನ್ನು ಕೇಳಬೇಕು. ಕೋಣೆಗಳು ಒಂದೇ ಸಾಲಿನಲ್ಲಿದ್ದು ಹೊಳೆಗೆ ಮುಖವಾಗಿ ಕಂಬಸಾಲಿನ ಪಡಸಾಲೆಯಿರಲಿ. ಪಡುವಣ ಬಿಸಿಲಿಗೆ ದಪ್ಪ ಕಲ್ಲುಗೋಡೆಯು ಅಡ್ಡವಾಗಲಿ. ಪಡಸಾಲೆಯಿಂದ ಹೊಳೆಯ ವರೆಗೆ ಕಲ್ಲಿನ ಪಾವಟಿಗೆಗಳಿಳಿಯಲಿ. ನೆರೆಯು ಯಾವ ಪಾವಟಿಗೆಯನ್ನು ಮುಟ್ಟಿತೋ ಅದರ ಮೇಲೆ ಆ ವರ್ಷವನ್ನು ಕೊರೆಯಿಸಬೇಕು. ನೀರು ಏರಿಳಿಯುವದನ್ನು ಮಕ್ಕಳು ದಿನಂಪ್ರತಿ ಎಣಿಸಿ ಬರೆದಿಟ್ಟರೆ ಗಣಿತವೂ ಭೂಗೋಲವೂ ಕಣ್ಣೆದುರಿಗೇ ಕಲಿತಂತಾಗುವದು.

ಇದಕ್ಕೆ ವೆಚ್ಚವು ಹೆಚ್ಚಾದೀತೆಂದು ಕೆಲವರು ಆಕ್ಷೇಪಿಸಬಹುದು. ಕಲ್ಲು ಕೆತ್ತುವ ಕೂಲಿಯು ಅಗ್ಗವಲ್ಲವೆಂಬುದು ನಿಜ. ಆದರೆ ನೆರೆಗೆ ಬಿದ್ದುದನ್ನು ಮರಳಿ ಕಟ್ಟುವ ಹಣವನ್ನೂ, ಕಟ್ಟುವ ವರೆಗೆ ಮಕ್ಕಳು ಕಳೆದುಕೊಳ್ಳುವ ದಿನಗಳನ್ನೂ ಅದೇ ಲೆಕ್ಕದಲ್ಲಿ ಹಿಡಿಯಬೇಕು. ಹೊಳೆಯೊಡನೆ ಶಾಲೆಗೆ ನಂಟು ಬೇಕು. ಆ ನಂಟಿಗೆ ಗೌರವದ ಅಂತರವೂ ಬೇಕು. ಇವೆರಡನ್ನೂ ಬಲ್ಲ ಕಟ್ಟಡದಲ್ಲಿ ಬೆಳೆದ ಮಕ್ಕಳು ಮುಂದೆ ಊರು ಕಟ್ಟುವಾಗಲೂ ಹೊಳೆಯ ಹಾದಿಯನ್ನು ಹೊಳೆಗೇ ಬಿಟ್ಟಾರೆಂದು ನಂಬಬಹುದು.