ಆರಡಿ ನೆಲದ ಹಕ್ಕು

ಉತ್ತರ ಲಂಡನ್ನಿನ ಹೈಗೇಟ್ ಗುಡ್ಡದ ಇಳಿಜಾರಿನಲ್ಲಿ ಮರ-ಬಳ್ಳಿಗಳ ನಡುವೆ ಹಳೆಯ ಸ್ಮಶಾನವೊಂದಿದೆ. ನಗರದ ಚರ್ಚ್ ಅಂಗಳಗಳಲ್ಲಿ ಹೂಳಲು ಜಾಗವಿಲ್ಲದಂತಾದಾಗ, 1839ರಲ್ಲಿ ಖಾಸಗಿ ಕಂಪನಿಯೊಂದು ಇದನ್ನು ತೆರೆಯಿತು. ಹಣ ತೆತ್ತ ಕುಟುಂಬಗಳಿಗೆ ಅದು ಮಾರಿದ್ದು ನೆಲವನ್ನಲ್ಲ, ತಮ್ಮವರನ್ನು ಅಲ್ಲಿ ಹೂಳುವ ಶಾಶ್ವತ ಹಕ್ಕನ್ನು.

ಡೈನಮೋದ ಹಿಂದಿನ ತತ್ವವನ್ನು ಕಂಡುಹಿಡಿದ ಮೈಕೆಲ್ ಫ್ಯಾರಡೆಯವರ ಸಮಾಧಿ ಇರುವುದು ಇಲ್ಲಿಯೇ. ನ್ಯೂಟನ್ನರನ್ನು ಹೂಳಿದ ವೆಸ್ಟ್‌ಮಿನ್‌ಸ್ಟರ್ ಅಬೆಯ ಗೌರವ ಅವರಿಗೆ ಬೇಡವಾಗಿತ್ತು. ಸಾದಾ ಕಲ್ಲೊಂದು ಸಾಕಾಗಿತ್ತು. 1867ರಲ್ಲಿ ಅವರನ್ನು ಹೂಳಿದ ಗೋರಿಯನ್ನೇ 1879ರಲ್ಲಿ ಪತ್ನಿ ಸಾರಾ ಸೇರಿದರು. ಕುಟುಂಬದ ಹಕ್ಕೆಂದರೆ ಇದೇ.

ಮಾರುವ ಜಾಗ ಕರಗಿದಂತೆ ಆದಾಯವೂ ಬತ್ತಿತು. 1975ರಲ್ಲಿ ಸ್ಮಶಾನದ ಪಶ್ಚಿಮ ಭಾಗದ ಬಾಗಿಲು ಮುಚ್ಚಿತು. ಸ್ವಯಂಸೇವಕರ ಸಂಘವೊಂದು ಮುಂದೆ ಬಂದು ಅದನ್ನು ಉಳಿಸಿಕೊಂಡಿತು. ಶಾಶ್ವತವೆಂದು ಮಾರಿದ ಹಕ್ಕಿಗೂ ಈಗ ಮಿತಿಯಿದೆ. 2022ರ ಕಾಯ್ದೆಯಂತೆ, 75 ವರ್ಷ ಬಳಸದೆ ಬಿಟ್ಟ ಹಕ್ಕನ್ನು ಸೂಚನೆ ಹೊರಡಿಸಿ ರದ್ದುಪಡಿಸಬಹುದು. ಹಕ್ಕುದಾರರು ಆಕ್ಷೇಪವನ್ನೂ ಸಲ್ಲಿಸಬಹುದು.

ಆದರೆ ಆಕ್ಷೇಪಿಸಲು, ಹಿರಿಯರು ಎಲ್ಲಿ ಮಣ್ಣಾದರೆಂಬುದು ಕಿರಿಯರಿಗೆ ತಿಳಿದಿರಬೇಕಲ್ಲ! ಪತ್ರದಲ್ಲಿ ಬರೆದ ಹಕ್ಕನ್ನು ಕಾಯುವುದು ಮನೆಯವರ ನೆನಪು. ಮಕ್ಕಳೇ, ನಿಮ್ಮ ಮುತ್ತಜ್ಜನ ಹೆಸರು ನಿಮಗೆ ಗೊತ್ತೇ? ಇಂದೇ ಮನೆಯಲ್ಲಿ ಕೇಳಿ.