ಕಪಿಲೆಯ ದಡದಿಂದ ಮೋಮೋ ಒಲೆಯವರೆಗೆ

ನಂಜನಗೂಡಿಗೆ ಬೆಳಗಾಗುತ್ತಿದೆ. ಕಪಿಲೆಯ ಮೇಲೆ ಮಂಜಿನ ತೆರೆ, ಗುಡಿ ಬೀದಿಯ ಹೋಟೆಲಿನಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಭುಸ್ಸೆಂದು ಏಳುವ ಹಬೆ. ಮುಡಿ ಕೊಟ್ಟು ಮಿಂದು ಬರುತ್ತಿರುವ ಮಕ್ಕಳ ಬೋಳುತಲೆಗೆ ಹಸಿ ಗಂಧ. ಶ್ರೀಕಂಠೇಶ್ವರನ ಏಳು ನೆಲೆಯ ಗೋಪುರಕ್ಕೆ ಎಳೆಬಿಸಿಲು ಬಿದ್ದಿದೆ. ಇಲ್ಲಿ ಇಡ್ಲಿ ತಿಂದರೂ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ. ಬೆಂಗಳೂರಿನ ಮಾಲುಗಳಲ್ಲಿ ಬಿದಿರಬುಟ್ಟಿಯಲ್ಲಿಟ್ಟು ಕೊಡುವ ಚೀನಾದ ಡಿಮ್ ಸಮ್ ಇದೆಯಲ್ಲ, ಅದರ ಹಿಮಾಲಯದ ದಾಯಾದಿ ಮೋಮೋ ನಮ್ಮ ಕಾವೇರಿ ಸೀಮೆಯ ಕಾಡಂಚಿನಲ್ಲೇ ಬೇಯುತ್ತದೆ. ಅಲ್ಲಿಗೇ ಹೊರಟಿದ್ದೇವೆ.

ತಿ. ನರಸೀಪುರದಲ್ಲಿ ಇಳಿಯದೆ ಮುಂದೆ ಹೋಗಲಾದೀತೇ? ಕಪಿಲೆ ಬಂದು ಕಾವೇರಿಯನ್ನು ಕೂಡುವ ಜಾಗ ಇದು. ಈ ತ್ರಿವೇಣಿ ಸಂಗಮದ ಮೂರನೆಯದಾದ ಸ್ಫಟಿಕ ಸರೋವರ ಕಣ್ಣಿಗೆ ಬೀಳುವುದಿಲ್ಲ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ಸೇರುವ ಮರಳದಂಡೆ ಇವತ್ತು ಬರಿದಾಗಿದೆ, ಬಟ್ಟೆ ಒಗೆಯುವ ಸದ್ದು ಮಾತ್ರ ದಡದಿಂದ ದಡಕ್ಕೆ ಮರುದನಿಸುತ್ತಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಇಲ್ಲಿನ ಗುಂಜಾ ನರಸಿಂಹಸ್ವಾಮಿಯ ಭಕ್ತರ ನಂಬಿಕೆ. ನೀರಿಗೆ ಕಾಲಿಟ್ಟು ನಿಂತಾಗ ನನಗೂ ಹಾಗೇ ಅನ್ನಿಸುತ್ತದೆ.

ಗದ್ದೆಯ ಹಸಿರು, ಕೊಳ್ಳೇಗಾಲದ ಸಂತೆಯ ಗದ್ದಲ, ಲೊಕ್ಕನಹಳ್ಳಿ. ಅಲ್ಲಿಂದಾಚೆ ಗುಡ್ಡಗಳು ಹತ್ತಿರವಾಗುತ್ತವೆ, ಗಾಳಿ ತಣ್ಣಗಾಗುತ್ತದೆ. ಒಂದು ತಿರುವು ದಾಟಿದ್ದೇ ತಡ, ಮುಸುಕಿನ ಜೋಳದ ಹೊಲಗಳ ಮೇಲೆ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಾವುಟಗಳು ಪಟಪಟನೆ ಹಾರುತ್ತಿವೆ! ಒಡೆಯರಪಾಳ್ಯ. ನಾಡು ಬಿಟ್ಟು ಬಂದ ಟಿಬೆಟಿನವರು 1970ರ ದಶಕದಲ್ಲಿ ಇಲ್ಲಿ ನೆಲೆಯೂರಿದರು. ಊರಿಗೆ ಅವರಿಟ್ಟ ಹೆಸರು ಧೋಂಡೆನ್‌ಲಿಂಗ್. ಟಿಬೆಟಿನ ಖಾಮ್ ಸೀಮೆಯಲ್ಲಿ 17ನೇ ಶತಮಾನದಲ್ಲಿ ಹುಟ್ಟಿದ ಜೋಗ್‌ಚೆನ್ ಮಠವನ್ನೂ ಇಲ್ಲಿ ಮತ್ತೆ ಕಟ್ಟಿಕೊಂಡಿದ್ದಾರೆ. 1992ರಲ್ಲಿ ದಲೈ ಲಾಮಾ ಅವರೇ ಬಂದು ಉದ್ಘಾಟಿಸಿದ್ದು. ಒಳಗಿನಿಂದ ಮಂತ್ರಪಠಣ ಕೇಳಿಸುತ್ತಿದೆ, ಗಂಟಲ ತಳದಿಂದ ಎದ್ದು ಬರುವ ದನಿ, ಎದೆಗೇ ತಾಗುತ್ತದೆ.

ಇಲ್ಲಿನ ಮೋಮೋ ಹೋಟೆಲು ಅಂದರೆ ನಾಲ್ಕೇ ಬೆಂಚು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತೇನೆ. ಟಿಬೆಟಿನ ನಿಲುವಂಗಿ ಚುಪಾ ತೊಟ್ಟ ಅಕ್ಕ ಮೈದಾ ಹಿಟ್ಟಿನ ಸಣ್ಣ ಬಿಲ್ಲೆಯನ್ನು ಅಂಗೈಲಿಟ್ಟು, ಎಲೆಕೋಸು ಈರುಳ್ಳಿಯ ಹೂರಣ ತುಂಬಿ, ಹೆಬ್ಬೆರಳಿನಿಂದ ಅಂಚು ಮಡಿಸುತ್ತಾ ಹೋಗುತ್ತಾರೆ. ಬಿಲ್ಲೆ ತಾನಾಗಿ ತಿರುಗುತ್ತದೆ, ನೆರಿಗೆಗಳು ಒಂದರ ಪಕ್ಕ ಒಂದು ಬೀಳುತ್ತವೆ, ಕೊನೆಗೆ ನೆತ್ತಿಯಲ್ಲೊಂದು ತಿರುವು. ಗೌರಿ ಹಬ್ಬಕ್ಕೆ ನಮ್ಮಮ್ಮ ಕಡುಬಿನ ಅಂಚು ಒತ್ತುತ್ತಿದ್ದದ್ದೂ ಥೇಟ್ ಹೀಗೇ. ಎಣ್ಣೆ ಸವರಿದ ಅಲ್ಯೂಮಿನಿಯಂ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿ ಮುಚ್ಚಳ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಹಿಟ್ಟು ಹೊಳಪೇರಿ, ಒಳಗಿನ ಹಸಿರು ಹೊರಗೇ ಕಾಣತೊಡಗುತ್ತದೆ.

“ಕೂತ್ಕೊಳಿ ಸರ್. ಚಟ್ನಿ ಖಾರ, ಸ್ವಲ್ಪ ಸ್ವಲ್ಪ ಹಾಕ್ಕೊಳಿ,” ಕೊಳ್ಳೇಗಾಲದ ಕನ್ನಡ, ಸಲೀಸಾಗಿ.

ಕಚ್ಚಿದರೆ ಬಿಸಿ ರಸ ನಾಲಿಗೆಗೆ ಚುರುಕ್ಕೆನ್ನುತ್ತದೆ, ಹಿಂದೆಯೇ ಶುಂಠಿ, ಆಮೇಲೆ ಆ ಕೆಂಪು ಚಟ್ನಿ. ಮಾಲಿನ ಬಿದಿರಬುಟ್ಟಿಯ ನಾಜೂಕು ಇದಕ್ಕಿಲ್ಲ, ಬೇಕಾಗಿಯೂ ಇಲ್ಲ. ರುಚಿ ಇದರದ್ದೇ ಮೇಲು ಎಂದು ಧಾರಾಳವಾಗಿ ಹೇಳಬಲ್ಲೆ. ಪಕ್ಕದ ಬೆಂಚಿನಲ್ಲಿ ಲೊಕ್ಕನಹಳ್ಳಿಯ ಕಾಲೇಜು ಹುಡುಗರು ನೂಡಲ್ಸ್ ಸಾರು ಥುಕ್ಪಾವನ್ನು ಸೊರ್ರೆಂದು ಹೀರುತ್ತಿದ್ದಾರೆ, ಉಪ್ಪು ಬೆಣ್ಣೆಯ ಚಹಾ ಮುಂದಿಟ್ಟುಕೊಂಡ ಅಜ್ಜನೊಬ್ಬ ಅವರನ್ನು ಮಳೆ ಬಂತಾ ಎಂದು ವಿಚಾರಿಸುತ್ತಿದ್ದಾನೆ. ಅಕ್ಕ ಎರಡನೇ ತಟ್ಟೆ ತರುತ್ತಿದ್ದಾರೆ, ಸರಿದು ಕೂತು ನೀವೂ ಒಂದು ಎತ್ತಿಕೊಳ್ಳಿ.